ಏಳನೇ ನಂಬರ್ ಕೋಣಿ

ಹದಿನೇಳು ವರ್ಷಾತು, ಬಾಗಲಕೋಟಿ ನವನಗರದ ದವಾಖಾನ್ಯಾಗ
ಎಕ್ಸ್‌ರೇ ತಗಿಯೂದು ನನ್ನ ಕೆಲಸ.
ಸೀಸದ ಏಪ್ರನ್ ಹಾಕ್ಕೊಂಡು
ಗ್ವಾಡಿ ಹಿಂದ ನಿಂತು ಹೇಳತೀನಿ:
ಉಸುರು ತಗೋರಿ. ಹಿಡೀರಿ.
ಹಾಂ, ಬಿಡ್ರಿ.

ನಿನ್ನೆ ರಾತ್ರಿ ರೊಟ್ಟಿ ಬಡಿಯೂ ಹೊತ್ತಿನ್ಯಾಗ
ಮಗಳು ಇಂದುಮತಿ ಒಂದು ಕಾಗದ ತಂದ್ಲು.
ಈಜು, ಸೈಕಲ್ಲು, ಓಟ, ಮೂರೂ ಒಂದ ದಿನ,
ಒಂದರ ಬೆನ್ನಿಗೊಂದು.
ಕೆಳಗ ಇರಿವಿ ಸಾಲಿನಂಥಾ ಅಕ್ಷರದಾಗ:
ಏನರ ಆದ್ರ ಪಾಲಕರ ಜವಾಬ್ದಾರಿ.
"ಯಾವುದರಾಗ ಭಾಳ ಅಪಾಯ ಐತಿ, ನೀನ ಹೇಳವ್ವಾ,
ದಿನಾ ನೋಡಾಕಿ ನೀ."

ನೋಡಾಕಿ ಖರೆ.
ಸೈಕಲ್ಲಿನವರ ಎಲುಬು ನನಗ ಬಾಯಿಪಾಠ:
ಕೊರಳಪಟ್ಟಿ ಎಲುಬು, ಎಡಕ್ಕರ ಬಲಕ್ಕರ,
ಕಬ್ಬಿನ ಗಣಿಕಿಯಂಗ ಲಟಕ್ಕನ ಮುರದಿರತೈತಿ.
ತಾಂಡಾದ ಹುಡುಗ ತುಳಸಿರಾಮ ರಾಠೋಡ ಎರಡು ಸಲ ಬಂದ.
ಎರಡೂ ಸಲ, ಫಿಲ್ಮು ಇನ್ನೂ ಹಸಿ ಇದ್ದಾಗನ,
"ಅಕ್ಕಾ, ಮತ್ತ ಎಂದು ಹತ್ತಲಿ?" ಅಂದ.
ಅವನ ಜೋಡಿ ಹೊಡೀತಿದ್ದ ಹುಡುಗ ಹಂಗ ಕೇಳಲಿಲ್ಲ.
ನಸುಕಿನ ಮಂಜು, ಹಿಂದ ಲೈಟಿಲ್ಲದ ಕಬ್ಬಿನ ಟ್ರೇಲರ್.
ಆ ಫಿಲ್ಮಿನ ಮಾತು ಬ್ಯಾಡ.

ಓಡುವವರ ಎಲುಬಿಂದು ಒಳಸಿಟ್ಟು.
ಕೂದಲೆಳಿಯಷ್ಟು ಬಿರುಕು, ಚಾಳೀಸ ಏರಿಸಿ ಹುಡುಕಬೇಕು.
ಪೊಲೀಸ್ ಭರ್ತಿಗೆ ತಯಾರಿ ನಡಸಿದ ಗೌರಾ ಹೂಗಾರ
ನೋವು ಮುಚ್ಚಿಟ್ಟು ಓಡಿ, ಓಡಿ,
ಕಡೀಕ ಆ ಬಿರುಕ ಬಾಯಿ ತಗದು ಎಲ್ಲಾ ಹೇಳಿತು.
ನಾಯಿ ಕಡದವರು ನನ್ನ ಕಡೆ ಬರಂಗಿಲ್ಲ,
ಅವರದು ಇಂಜೆಕ್ಷನ್ ಕೋಣಿ, ನದಾಫಣ್ಣನ ಪಾಳಿ.

ಖರೆ ಕೇಳತಿದ್ರ ಭಾಳ ಫಿಲ್ಮು ಬಚ್ಚಲದ್ದು.
ಬಚ್ಚಲ ಕಲ್ಲು, ಸಾಬಾಣ, ಎಪ್ಪತ್ತರ ಮುದುಕಿ, ತೊಡಿ ಎಲುಬು.
ಜಳಕಕ್ಕ ಮಾತ್ರ ಯಾರೂ ಸಹಿ ಕೇಳಂಗಿಲ್ಲ.
ಇಂದುಮತಿ ನಕ್ಕಳು. ನಾನೂ ನಕ್ಕೆ.
ಹಂಚಿನ ಮ್ಯಾಲಿನ ರೊಟ್ಟಿ ಕರಕಾತು.

"ಮತ್ತ ಈಜೂದು?"

ಈಜುವವರು ನನ್ನ ಕೋಣಿಗೆ ಬರಂಗಿಲ್ಲ ಮಗಳ.
ಒಂದೋ, ತೊಯ್ದ ತಲಿ ಒರಸಿಕೊಂತ ಮನೀಗೆ ಹೋಗತಾರ.
ಇಲ್ಲಾ, ನನ್ನ ಬಾಗಲಾ ದಾಟಿಸಿ ಒಯ್ತಾರ
ವರಾಂಡದ ಆ ತುದೀಗೆ, ಬೇವಿನ ಗಿಡದ ಹಿಂದಿನ ಕೋಣಿಗೆ.
ನಡುವ ಏನೂ ಇಲ್ಲ.
ಪ್ಲಾಸ್ಟರ್ ಇಲ್ಲ, ಆರು ವಾರ ಇಲ್ಲ,
ಎಂದು ಹತ್ತಲಿ ಅನ್ನೂ ಮಾತಿಲ್ಲ.

ಒಬ್ಬವ ಬಂದಿದ್ದ, ಒಬ್ಬವನ.
ಹಿನ್ನೀರಿನ್ಯಾಗ, ಹಳೇ ಊರಿನ ಮುಳುಗಿದ ಓಣಿ ಮ್ಯಾಲ
ಈಜಾಕ ಹೋದವ. ಅಂಬಿಗರ ಹುಡುಗ
ಕೂದಲಾ ಹಿಡದು ಎಳಕೊಂಡು ಬಂದಿದ್ದ.
ನನ್ನ ಫಿಲ್ಮಿನ್ಯಾಗ ಎಲ್ಲಾ ಉಲ್ಟಾ:
ಗಾಳಿ ಇದ್ದಲ್ಲಿ ಕಪ್ಪು, ನೀರು ಹೊಕ್ಕಲ್ಲಿ ಬಿಳುಪು.
ಅವನ ಎದಿ ತುಂಬ ಹತ್ತಿ ಒಡದಂಗ ಬೆಳ್ಳಗ, ಬೆಳ್ಳಗ.
ಉಸುರು ಹಿಡಿ ಅಂತ ಹೇಳಾಕ ನನಗ ಬಾಯಿ ಬರಲಿಲ್ಲ.
ಬೆಳಗಾವಿಗೆ ಒಯ್ದರು. ಮುಂದ ಗೊತ್ತಿಲ್ಲ.
ಇದನ್ನ ಮಗಳಿಗೆ ಹೇಳಲಿಲ್ಲ.

ಸಹಿ ಮಾಡಿದೆ. ಯಾಕ ಅಂತ ಕೇಳಬ್ಯಾಡ್ರಿ.
ಕೈ ತೊಳಕೊಳ್ಳಲಿಲ್ಲ, ನನ್ನ ಹೆಸರಿಗೆ
ಜ್ವಾಳದ ಹಿಟ್ಟು ಹತ್ತೇತಿ.

ಇವತ್ತು ಮುಂಜಾನೆ ಈಜುಗೊಳದ ಕಟ್ಟಿ ಮ್ಯಾಲ ಕುಂತೀನಿ.
ಉಡಿಯಾಗ ಅಕಿ ಟವೆಲ್ಲು, ಗ್ವಾಡಿಗೆ ಆನಿಸಿದ ಅಕಿ ಸೈಕಲ್ಲು,
ಕೆಳಗ ಲೇಸು ಬಿಚ್ಚದ ಬೂಟು.
ಸೀಸದ ಏಪ್ರನ್ ಇಲ್ಲ.
ಅಕಿ ತಲಿ ಒಳಗ ಹಾಕಿದಳು.
ನೀರು ಕೂಡಿಕೊಂತು, ಬಿರುಕ ಕಾಣಲಾರದಂಗ.

ಹದಿನೇಳು ವರ್ಷ ಮಂದಿ
ನಾ ಹಿಡಿ ಅಂದ್ರ ಹಿಡದಾರ, ಬಿಡು ಅಂದ್ರ ಬಿಟ್ಟಾರ.
ಈಕಿ ನನ್ನ ಕೇಳಂಗಿಲ್ಲ.
ಕೋಚ್ ಗಡಿಯಾರ ನೋಡತಾನ.
ನಾ ಹಿಡದೀನಿ.